9ನೇ ಕಾಲಂನಲ್ಲಿ ಇಲ್ಲದ, 12ರಲ್ಲೂ ಇಲ್ಲದ ಚೋಮ

ಅಮ್ಮನಿಗೆ 85 ವರ್ಷ. ಎಡಗಣ್ಣಿನ ಪೊರೆ ತೆಗೆಸಿ ಆಗಿದೆ, ಬಲಗಣ್ಣಿನದು ಬಾಕಿ ಇದೆ. ಟಿ.ವಿ. ಮುಂದೆ ಕುಳಿತರೂ ಅವಳು ನೋಡುವುದು ಕಡಿಮೆ, ಕೇಳುವುದು ಹೆಚ್ಚು. ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಉಡುಪಿ ಜಿಲ್ಲೆಯ ಹಿರಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ, ನನ್ನ ಮೊಮ್ಮಗಳು ತನ್ನ ಮೊಬೈಲನ್ನು ಟಿ.ವಿ.ಗೆ ಜೋಡಿಸಿ ‘ಚೋಮನ ದುಡಿ’ ಚಿತ್ರ ಹಾಕಿದಳು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ಅಮ್ಮ ಅಡಿಕೆ ಜಜ್ಜುತ್ತಿದ್ದಳು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಆ ಸದ್ದಿನ ನಡುವೆ ಮೊದಲ ಬಾರಿ ದುಡಿಯ ಪೆಟ್ಟು ಕೇಳಿಸಿದಾಗ ಅಮ್ಮನ ಕೈ ನಿಂತಿತು. ‘ಅದು ದುಡಿಯಲ್ಲವೇ?’ ಎಂದಳು. ಚಿತ್ರದ ಹೆಸರನ್ನು ನಾವು ಅವಳಿಗೆ ಹೇಳಿರಲಿಲ್ಲ.

ಆದ್ದರಿಂದ ಮೊದಲೇ ಒಂದು ವಿನಂತಿ. ಈ ಚಿತ್ರವನ್ನು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಹಾಕಿಕೊಂಡು, ಬಸ್ಸಿನಲ್ಲೋ ಊಟದ ನಡುವೆಯೋ ನೋಡಬೇಡಿ. ಅರ್ಧ ಕಥೆಯನ್ನು ಹೇಳುವುದೇ ದುಡಿ ಎಂಬ ಆ ಚರ್ಮವಾದ್ಯ. ಅದು ಸರಿಯಾಗಿ ಕೇಳಿಸದಿದ್ದರೆ ಚಿತ್ರ ನೋಡಿದ ಲೆಕ್ಕಕ್ಕೆ ಬರುವುದಿಲ್ಲ.

ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರು ಅದನ್ನು ತೆರೆಗೆ ತಂದದ್ದು 1975ರಲ್ಲಿ. ಬರೆದವರು ಕೋಟದಲ್ಲಿ ಹುಟ್ಟಿದವರು. ನಿರ್ದೇಶಿಸಿದವರು ಬಂಟ್ವಾಳದ ಕಡೆಯ ಮಂಚಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಚಿತ್ರಕ್ಕೆ ರಾಷ್ಟ್ರಮಟ್ಟದ ಶ್ರೇಷ್ಠ ಚಿತ್ರ ಪ್ರಶಸ್ತಿಯಾದ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇಷ್ಟೆಲ್ಲ ಗೊತ್ತಿದ್ದೂ ನಾನು ಇಷ್ಟು ವರ್ಷ ಚಿತ್ರ ನೋಡಿರಲಿಲ್ಲ. ಕಾದಂಬರಿಯನ್ನು ಮೂರು ಬಾರಿ ಓದಿದ್ದೇನೆ. ನನ್ನ ಮನಸ್ಸಿನಲ್ಲಿ ಚೋಮನಿಗೆ ಒಂದು ಮುಖವಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಗದ್ದೆಯ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕನ ಮುಖ ಅದು. ಆ ಮುಖದ ಮೇಲೆ ಇನ್ನೊಬ್ಬರ ಮುಖ ಬಂದು ಕೂರಬಾರದು ಎಂಬ ಹಟ ನನ್ನಲ್ಲಿತ್ತು. ಈ ಸಲ ಮೊಮ್ಮಗಳಿಗೆ ಶಾಲೆಯಲ್ಲಿ ಕಾರಂತರ ಬಗ್ಗೆ ಏನೋ ಬರೆದು ತರಲು ಹೇಳಿದ್ದರು. ಪುಸ್ತಕಕ್ಕಿಂತ ಮೊದಲು ಅವಳು ಚಿತ್ರ ಹುಡುಕಿದಳು. ನಾನು ಒಪ್ಪಿಕೊಂಡೆ.

ಓದಿ ತಿಳಿಯದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಚೋಮ ಅಸ್ಪೃಶ್ಯನೆಂದು ದೂರವಿಡಲ್ಪಟ್ಟ ಆಳು, ಧಣಿಯ ಮನೆಯ ದುಡಿಮೆಗೆ ಕಟ್ಟುಬಿದ್ದವನು. ಕಾಡಿನಲ್ಲಿ ದಿಕ್ಕಿಲ್ಲದೆ ಸಿಕ್ಕ ಜೋಡಿಯನ್ನು ತಂದು ಸಾಕಿ ಎತ್ತು ಮಾಡಿದ್ದಾನೆ. ಆ ಎತ್ತು ಕಟ್ಟಿ ಉಳಲು ಅವನಿಗೆ ಗದ್ದೆ ಇಲ್ಲ. ಬೇರೆಯವರ ಗದ್ದೆಯಲ್ಲಿ ಸೊಂಟ ಮುರಿಯಬಹುದು, ತನ್ನ ಬೇಸಾಯ ಎಂದು ಒಂದು ತುಂಡು ಹಿಡಿಯುವಂತಿಲ್ಲ. ಆ ಜಾತಿಯಲ್ಲಿ ಹುಟ್ಟಿದವನು ಬೇಸಾಯಗಾರನಾಗುವುದೇ ಊರಿಗೆ ಒಪ್ಪಿಗೆಯಿಲ್ಲ. ಹಳೆಯ ಸಾಲ ತೀರಿಸಲು ಇಬ್ಬರು ಗಂಡುಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಕಾಯಿಲೆ ಬಿದ್ದು ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಬೇರೆಯಾಗುತ್ತಾನೆ. ಆಮೇಲೆ ಮಗಳು ಬೆಳ್ಳಿ ತೋಟಕ್ಕೆ ಹೋಗುತ್ತಾಳೆ.

ನಾನು 1984ರಲ್ಲಿ ಗ್ರಾಮಲೆಕ್ಕಿಗನಾಗಿ ಕಂದಾಯ ಇಲಾಖೆ ಸೇರಿದೆ, 2020ರಲ್ಲಿ ನಿವೃತ್ತನಾದೆ. ಮೂವತ್ತಾರು ವರ್ಷ ನನ್ನ ಕೈಯಲ್ಲಿ ಇದ್ದದ್ದು ಪಹಣಿ. ಪಹಣಿಯ 9ನೇ ಕಾಲಂನಲ್ಲಿ ಭೂಮಿಯ ಒಡೆಯನ ಹೆಸರು ಇರುತ್ತದೆ, 12ರಲ್ಲಿ ಸಾಗುವಳಿ ಮಾಡುವವನ ಹೆಸರು. ಜನ ತಾಲ್ಲೂಕು ಕಚೇರಿಗೆ ಅಲೆಯುವುದು, ಅಣ್ಣತಮ್ಮಂದಿರು ಮಾತು ಬಿಡುವುದು, ವಕೀಲರು ಊಟ ಮಾಡುವುದು ಬಹುಪಾಲು ಈ ಎರಡು ಕಾಲಂಗಳಿಂದ. ಚಿತ್ರದಲ್ಲಿ ಚೋಮ ಧಣಿಯ ಮುಂದೆ ಗದ್ದೆ ಕೇಳಿ ನಿಂತಾಗ ನನಗೆ ನನ್ನ ಮೇಜು ನೆನಪಾಯಿತು. ಇವನ ಊರಿನ ಪಹಣಿ ನನ್ನ ಕೈಗೆ ಬಂದಿದ್ದರೆ ಚೋಮನ ಹೆಸರು ಎಲ್ಲಿ ಇರುತ್ತಿತ್ತು? 9ರಲ್ಲಿ ಧಣಿ. 12ರಲ್ಲಿ ಯಾರೋ ಒಕ್ಕಲು, ಇಲ್ಲವೇ ‘ಸ್ವಂತ’ ಎಂಬ ಒಂದು ಪದ. ಉತ್ತವನು, ಕೆಸರು ಕಲಸಿದವನು, ನೇಜಿ ಹೊತ್ತವನು, ಅವನಿಗೆ ಕಾಲಂ ಇಲ್ಲ. ಪುಸ್ತಕ ಓದುವಾಗ ಒಮ್ಮೆಯೂ ಇದು ಹೊಳೆದಿರಲಿಲ್ಲ. ಓದುವಾಗ ಚೋಮನ ದುಃಖ ಮಾತುಗಳಲ್ಲಿ ಬರುತ್ತದೆ. ಚಿತ್ರದಲ್ಲಿ ಒಂದು ಮೈ ಬಂದು ಅಂಗಳದ ಆಚೆ ನಿಲ್ಲುತ್ತದೆ, ಅದು ಎಲ್ಲಿ ನಿಲ್ಲಬೇಕೆಂದು ಊರು ಮೊದಲೇ ಗೆರೆ ಎಳೆದಿರುತ್ತದೆ. ಆ ಗೆರೆಯನ್ನು ಕಣ್ಣಿನಿಂದ ಕಾಣುವುದು ಬೇರೆಯೇ ಅನುಭವ.

ಚಿತ್ರ ಬಂದ ಹೊತ್ತನ್ನು ನೆನೆದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ದೇವರಾಜ ಅರಸರ ಕಾಲ, ‘ಉಳುವವನೇ ಹೊಲದೊಡೆಯ’ ಎಂದು ಎಲ್ಲೆಲ್ಲೂ ಕೂಗು. ಆಗಿನ್ನೂ ಉಡುಪಿ ಜಿಲ್ಲೆ ಬೇರೆಯಾಗಿರಲಿಲ್ಲ, ನಾವೆಲ್ಲ ದಕ್ಷಿಣ ಕನ್ನಡದವರು. ಗೇಣಿ ಒಕ್ಕಲುಗಳು ಹೆಚ್ಚಾಗಿದ್ದ ನಮ್ಮ ಜಿಲ್ಲೆಯಲ್ಲಿ ಈ ಕಾಯ್ದೆ ಮನೆಮನೆಗೆ ಮುಟ್ಟಿತು. ನಮ್ಮ ಅಪ್ಪ ವರ್ಷಕ್ಕೆ 8 ಮುಡಿ ಅಕ್ಕಿ ಗೇಣಿ ಅಳೆಯುತ್ತಿದ್ದವರು. ಗೇಣಿ ಜಮೀನಿನ ಹಕ್ಕು ಕೇಳಿ ನಮೂನೆ 7ರಲ್ಲಿ ಅರ್ಜಿ ಹಾಕಿದರು. ನಮ್ಮ ಕಡೆ ಯಾರೂ ಅದನ್ನು ಅರ್ಜಿ ಎನ್ನುವುದಿಲ್ಲ, ‘ಡಿಕ್ಲರೇಷನ್ ಕೊಟ್ಟದ್ದು’ ಎನ್ನುತ್ತಾರೆ. ಭೂನ್ಯಾಯ ಮಂಡಳಿಯ ಮುಂದೆ ಅಪ್ಪ ಮೈಯೆಲ್ಲ ಬೆವರಿ ನಿಂತದ್ದನ್ನು ನಾನು ಹುಡುಗನಾಗಿ ಕಂಡಿದ್ದೇನೆ. 1 ಎಕರೆ 62 ಸೆಂಟ್ಸ್ ನಮ್ಮದಾಯಿತು. ನಾನು ಓದಿದ್ದು, ಕೆಲಸ ಹಿಡಿದದ್ದು, ಈಗ ಈ ಚಾವಡಿಯಲ್ಲಿ ಕುಳಿತು ಚಿತ್ರ ನೋಡುವುದು, ಎಲ್ಲವೂ ಆ ಜಾಗದ ಬಲದಿಂದ.

ಆದರೆ ಆ ಕಾಯ್ದೆಯಲ್ಲಿ ಉಳುವವನು ಎಂದರೆ ಗೇಣಿದಾರ. ಕೂಲಿಗೆ ಉತ್ತವನು ಗೇಣಿದಾರನಲ್ಲ. ಕೃಷಿ ಕೂಲಿಕಾರರಿಗೆ ಅವರು ವಾಸವಿದ್ದ ಮನೆಯಡಿಯ ಜಾಗಕ್ಕೆ ಹಕ್ಕು ಕೇಳಲು ಬೇರೆ ಕಲಂ ಇತ್ತು, ಗದ್ದೆಗೆ ಇರಲಿಲ್ಲ. ಅಂದರೆ ‘ಚೋಮನ ದುಡಿ’ ಚಿತ್ರಮಂದಿರಕ್ಕೆ ಬಂದಾಗ, ನಾಡಿಗೆ ನಾಡೇ ಭೂಮಿಯ ಮಾತಾಡುತ್ತಿದ್ದಾಗ, ಚೋಮ ನಮೂನೆ 7 ತುಂಬಲೂ ಅರ್ಹನಾಗಿರಲಿಲ್ಲ. 1933ರಲ್ಲಿ ಬರೆದ ಕಥೆ 1975ರಲ್ಲಿ ಹಳೆಯದಾಗಿರಲಿಲ್ಲ ಎನ್ನಲು ನನಗೆ ಇಷ್ಟು ಸಾಕು.

ವಾಸುದೇವರಾಯರ ಬಗ್ಗೆ ಹೇಳಲೇಬೇಕು. ನನ್ನ ಮನಸ್ಸಿನ ಮುಖ ಅಳಿಸಿಹೋಗುತ್ತದೆ ಎಂದು ಹೆದರಿದ್ದೆನಲ್ಲ, ಹಾಗಾಗಲಿಲ್ಲ. ಅವರ ಬತ್ತಿದ ಮೈ, ಬಾಗುವ ರೀತಿ, ಮೇಲಿನವರ ಮುಂದೆ ಕುಗ್ಗಿ ತನ್ನವರ ನಡುವೆ ನೆಟ್ಟಗಾಗುವ ಬೆನ್ನು, ಇವೆಲ್ಲ ನಾನು ಕಂಡ ಆ ಮುದುಕನದೇ. ಮುಖ ಮಾತ್ರ ಬೇರೆ. ಸಂಭಾಷಣೆ ಹೇಳುವಾಗಿನದಕ್ಕಿಂತ ಸುಮ್ಮನಿರುವಾಗ ಅವರು ದೊಡ್ಡ ನಟ. ಧಣಿಯಿಂದ ಇಲ್ಲ ಎನ್ನಿಸಿಕೊಂಡ ಮನುಷ್ಯ ಜಗಳ ಮಾಡುವುದಿಲ್ಲ, ಅಳುವುದಿಲ್ಲ. ಗುಡಿಸಲಿಗೆ ಬರುತ್ತಾನೆ, ದುಡಿ ತೆಗೆಯುತ್ತಾನೆ. ಸಿಟ್ಟು, ಕುಡಿತ, ಮಕ್ಕಳ ಮೇಲಿನ ಮಮತೆ, ಸೋಲು, ಎಲ್ಲವೂ ಬೆರಳುಗಳಿಗೆ ಇಳಿಯುತ್ತದೆ. ರಂಗಸಂಗೀತದಲ್ಲಿ ಮುಳುಗಿ ಎದ್ದ ಬಿ.ವಿ. ಕಾರಂತರೇ ಇದಕ್ಕೆ ಸಂಗೀತ ಕೊಟ್ಟವರು. ಅವರು ವಾದ್ಯಗಳನ್ನು ತುಂಬಿ ನಮ್ಮನ್ನು ಅಳಿಸಲು ಹೋಗಿಲ್ಲ, ಆ ಒಂದು ಚರ್ಮವಾದ್ಯವನ್ನು ನಂಬಿದ್ದಾರೆ. ಎಸ್. ರಾಮಚಂದ್ರರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ನಮ್ಮ ನೆಲ ಬಣ್ಣ ಕಳೆದುಕೊಂಡರೂ ಒದ್ದೆ ಕಳೆದುಕೊಂಡಿಲ್ಲ.

ನದಿಯ ದೃಶ್ಯ ಬಂತು. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಬಾರದ ಮಗು ಎಂಬ ಒಂದೇ ಕಾರಣಕ್ಕೆ ಕೈ ಕೊಡುವವರಿಲ್ಲ. ಕಾದಂಬರಿಯಲ್ಲಿ ಈ ಭಾಗ ಓದಿ ನಾನು ಪುಸ್ತಕ ಮುಚ್ಚಿಟ್ಟದ್ದುಂಟು. ಚಿತ್ರವನ್ನು ಮುಚ್ಚಿಡಲು ಬರುವುದಿಲ್ಲ, ಅದು ತನ್ನ ಹೆಜ್ಜೆಯಲ್ಲಿ ಮುಂದೆ ಹೋಗುತ್ತದೆ. ಏನಾಗುತ್ತಿದೆ ಎಂದು ಅಮ್ಮ ಕೇಳಿದಳು. ಮೊಮ್ಮಗಳು ಹೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಮನೆಗೆ ಬರುತ್ತಿದ್ದ ಆ ಮುದುಕನ ಮಾತು ತೆಗೆದಳು. ಅವನು ಅಂಗಳಕ್ಕೆ ಬರುತ್ತಿರಲಿಲ್ಲ. ಹಟ್ಟಿಯ ಆಚೆ ಅಡಿಕೆ ಹಾಳೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಿದ್ದ. ‘ನಾನೇ ಗಂಜಿ ಹೊಯ್ಯುತ್ತಿದ್ದೆ, ಮೇಲಿನಿಂದ’ ಎಂದಳು. ‘ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹತ್ತಿರ ಹೋಗಿ ಹೊಯ್ದೆ. ಅತ್ತೆ ಬೈದರು. ಆಮೇಲೆ ನಾನೂ ಕಲಿತುಕೊಂಡೆ.’

ಈ ಮಾತನ್ನು ಅಮ್ಮ ನನಗೆ ಅರವತ್ತು ವರ್ಷಗಳಲ್ಲಿ ಹೇಳಿರಲಿಲ್ಲ. ಅಪ್ಪ ಧಣಿಗಳ ಮನೆಯ ಜಗಲಿ ಹತ್ತುತ್ತಿರಲಿಲ್ಲ ಎಂಬ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟೋ ಬಾರಿ ಹೇಳಿದ್ದೇವೆ, ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ನಮ್ಮ ಅಂಗಳಕ್ಕೆ ಬಾರದವನ ಕಥೆಯನ್ನು ಹೇಳಿರಲಿಲ್ಲ. ಚಿತ್ರ ನಿಲ್ಲಿಸಲೇ ಎಂದು ಮೊಮ್ಮಗಳು ಕೇಳಿದಾಗ ಬೇಡ ಎಂದದ್ದು ಅಮ್ಮನೇ.

ಚಿತ್ರದ ಎಲ್ಲವೂ ನನಗೆ ಒಪ್ಪಿತವಾಗಲಿಲ್ಲ. ಕಾಫಿ ತೋಟದ ರೈಟರ್ (ಗುಮಾಸ್ತ) ಮನ್ವೇಲನ ಪಾತ್ರ ತೆಳುವಾಗಿದೆ, ಅವನು ಬಂದ ಕೂಡಲೇ ಮುಂದೇನಾಗುತ್ತದೆ ಎಂದು ತಿಳಿದುಬಿಡುತ್ತದೆ. ಮತಾಂತರದ ಭಾಗವೂ ಅವಸರದ್ದು. ಕ್ರೈಸ್ತನಾದರೆ ಗದ್ದೆ ಸಿಗುತ್ತದೆ ಎಂಬ ಆಸೆಗೂ, ತಾನು ನಂಬಿದ ದೈವವನ್ನು ಬಿಡಲಾಗದ ಕಟ್ಟಿಗೂ ನಡುವೆ ಚೋಮ ಸೀಳಿಹೋಗುವುದನ್ನು ಕಾದಂಬರಿ ನಿಧಾನವಾಗಿ ಬಿಡಿಸಿಡುತ್ತದೆ. ಚಿತ್ರ ಅದನ್ನು ವಾಸುದೇವರಾಯರ ಮುಖಕ್ಕೆ ಬಿಟ್ಟು ಮುಂದೆ ಸಾಗುತ್ತದೆ. ಆ ಮುಖ ಹೊರೆ ಹೊರುತ್ತದೆ ನಿಜ, ಆದರೂ ನನಗೆ ಸಾಲಲಿಲ್ಲ.

ಇನ್ನೊಂದು ವಿಷಯ ಭಾಷೆ. ನಮ್ಮ ಮನೆಯ ಮಾತು ತುಳು. ನಮ್ಮ ಗದ್ದೆಗೆ ಬರುತ್ತಿದ್ದವನ ಮಾತೂ ತುಳುವೇ. ಚಿತ್ರದ ಚೋಮ ಕನ್ನಡ ಆಡುತ್ತಾನೆ. ಪುಸ್ತಕದಲ್ಲಿ ಇದು ಅಡ್ಡ ಬರುವುದಿಲ್ಲ, ಓದುವವನ ತಲೆಯೊಳಗೆ ಮಾತು ತಾನಾಗಿ ತುಳುವಿಗೆ ತಿರುಗಿಕೊಳ್ಳುತ್ತದೆ. ತೆರೆಯ ಮೇಲೆ ಗಂಟಲಿನಿಂದ ಕನ್ನಡ ಹೊರಟಾಗ ಅಮ್ಮ ‘ಇವನು ಯಾವ ಕಡೆಯವನು?’ ಎಂದು ಕೇಳಿಯೇಬಿಟ್ಟಳು. ಕನ್ನಡ ಕಾದಂಬರಿಯನ್ನು ಕನ್ನಡ ಚಿತ್ರವಾಗಿ ಮಾಡುವವರು ಬೇರೇನು ಮಾಡಲು ಸಾಧ್ಯವಿತ್ತು ಎಂದೂ ಯೋಚಿಸುತ್ತೇನೆ. ಆದರೂ ಆ ಬಿರುಕು ಕಾಣುತ್ತದೆ. ಅವನು ಮಾತು ನಿಲ್ಲಿಸಿ ದುಡಿ ಹಿಡಿದಾಗಲೆಲ್ಲ ಬಿರುಕು ಮುಚ್ಚಿಹೋಗುತ್ತಿತ್ತು. ದುಡಿಯನ್ನು ಕೇಳಿ ಯಾವ ಕಡೆಯವನು ಎಂದು ಅಮ್ಮ ಒಮ್ಮೆಯೂ ಕೇಳಲಿಲ್ಲ.

ನಮಗೆ ಸಿಕ್ಕಿದ ಪ್ರತಿಯ ಸ್ಥಿತಿ ಮನಸ್ಸಿಗೆ ನೋವು ತರುವಂಥದ್ದು. ಅಂತರ್ಜಾಲದಲ್ಲಿ ಯಾರೋ ಹಾಕಿದ್ದು. ರಾತ್ರಿಯ ದೃಶ್ಯಗಳಲ್ಲಿ ಮನುಷ್ಯರು ಕಪ್ಪಿನಲ್ಲಿ ಕರಗಿಹೋಗುತ್ತಾರೆ, ಬಿಸಿಲಿನಲ್ಲಿ ಮುಖಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತವೆ. ಎರಡು ಕಡೆ ಚಿತ್ರ ಹಾರಿತು, ಒಂದು ಕಡೆ ಮಾತು ಹಿಂದೆ ಉಳಿದು ತುಟಿ ಮುಂದೆ ಹೋಯಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿತೇನೋ ಎಂದು ನೋಡಿ ಬರುವಷ್ಟು ಹೊತ್ತಿನ ಜಾಹೀರಾತು ಶೋಕದ ದೃಶ್ಯವೊಂದರ ನಡುವೆ ಬಂದಾಗ ಸಿಟ್ಟು ತಡೆಯಲಾಗಲಿಲ್ಲ. ಸ್ವರ್ಣಕಮಲ ಪಡೆದ ಕನ್ನಡ ಚಿತ್ರಗಳು ಕೈಬೆರಳೆಣಿಕೆಯಷ್ಟು. ಅವುಗಳ ಸ್ವಚ್ಛವಾದ ಪ್ರತಿಗಳು ಎಲ್ಲ ಜಿಲ್ಲಾ ಗ್ರಂಥಾಲಯಗಳಲ್ಲಿ, ಎಲ್ಲ ಸರಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಇರಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ನಾಡು ಇದು.

ಬೆಳ್ಳಿಯ ವಿಷಯದಲ್ಲಿ ನನಗೂ ಮೊಮ್ಮಗಳಿಗೂ ಜಗಳವೇ ಆಯಿತು. ಪದ್ಮಾ ಕುಮಟಾ ಅವರ ಬೆಳ್ಳಿ ಅಪರೂಪದ ಅಭಿನಯ. ತೋಟದಲ್ಲಿ ತನ್ನ ಮೇಲೆ ನಡೆದದ್ದನ್ನು ನುಂಗಿಕೊಂಡು, ಸಾಲ ತೀರಿತು ಎಂಬ ಸುದ್ದಿಯನ್ನು ಮಾತ್ರ ಅಪ್ಪನಿಗೆ ತರುವ ಹುಡುಗಿ. ಅಪ್ಪನ ಕಣ್ಣು ತಪ್ಪಿಸುವ ಆ ಹೊತ್ತಿನಲ್ಲಿ ಅವರು ಏನನ್ನೂ ಹೆಚ್ಚು ಮಾಡುವುದಿಲ್ಲ, ನಮಗೆ ಎಲ್ಲವೂ ತಿಳಿಯುತ್ತದೆ. ಮುಂದೆ ಮನ್ವೇಲನ ಜೊತೆ ಅವಳನ್ನು ಕಂಡ ಚೋಮ ಹೊಡೆದು ಹೊರಗೆ ಅಟ್ಟುತ್ತಾನೆ. ನಾನು ಚೋಮನ ಕಡೆಗೇ ಮರುಗುತ್ತಿದ್ದೆ. ಮೊಮ್ಮಗಳಿಗೆ 15 ವರ್ಷ. ಅವಳು ಎದ್ದು ಕುಳಿತಳು. ‘ಸಾಲ ತೀರಿಸಿದವಳು ಅವಳಲ್ಲವೇ ಅಜ್ಜ? ಇವನಿಗೆ ಗದ್ದೆ ಕೊಡದವರ ಮೇಲೆ ಕೈ ಎತ್ತಲಿಲ್ಲ, ಅವಳ ಮೇಲೆ ಏಕೆ ಎತ್ತಿದ?’ ಚೋಮನ ಮನಸ್ಸು ಆಗ ಹೇಗಿತ್ತು ನೋಡು ಎಂದು ನಾನು ಹೇಳಲು ಹೋದೆ. ಅವಳು ಒಪ್ಪಲಿಲ್ಲ. ಮೂರು ಬಾರಿ ಓದಿದರೂ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಮರುದಿನ ಪುಸ್ತಕ ತೆಗೆದು ಬೆಳ್ಳಿಯ ಪುಟಗಳನ್ನು ಮತ್ತೆ ಓದಿದೆ. ಕಾರಂತರು ಅವಳನ್ನು ದೂಷಿಸಿಲ್ಲ, ಚಿತ್ರವೂ ದೂಷಿಸಿಲ್ಲ. ದೂಷಿಸದಿದ್ದರೂ ಕಥೆಯ ಕೊನೆಯ ಹೊತ್ತಿಗೆ ನಮ್ಮೆಲ್ಲರ ಕಣ್ಣು ಗುಡಿಸಲಿನ ಒಳಗಿರುವ ಅಪ್ಪನ ಮೇಲೆ ಇರುತ್ತದೆ, ಹೊರಗೆ ಹೋದ ಮಗಳು ಎಲ್ಲಿಗೆ ಹೋದಳೆಂದು ಯಾರೂ ತಿರುಗಿ ನೋಡುವುದಿಲ್ಲ. ಮೊಮ್ಮಗಳು ತನ್ನ ಶಾಲೆಯ ಬರಹವನ್ನು ಬೆಳ್ಳಿಯ ಬಗ್ಗೆ ಬರೆದಳು.

ಕೊನೆಯ ಭಾಗ. ಚೋಮ ನೇಗಿಲಿಗೆ ಬೆಂಕಿ ಕೊಡುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ಬಾಗಿಲು ಹಾಕಿಕೊಂಡು ದುಡಿ ಬಾರಿಸತೊಡಗುತ್ತಾನೆ. ಪುಸ್ತಕದಲ್ಲಿ ಈ ದುಡಿಯನ್ನು ನಾನು ಪ್ರತಿ ಸಲವೂ ನನ್ನ ಮನಸ್ಸಿಗೆ ತೋಚಿದ ಹಾಗೆ ಕೇಳಿದ್ದೆ, ಬೇಕಾದಾಗ ನಿಲ್ಲಿಸಿದ್ದೆ. ಇಲ್ಲಿ ನಿಲ್ಲಿಸುವ ಅಧಿಕಾರ ನನ್ನದಲ್ಲ. ಹಾಳಾದ ಪ್ರತಿಯಿಂದಾಗಿ ಸದ್ದು ಒಡೆಯುತ್ತಿತ್ತು, ಟಿ.ವಿ. ಗರಗರ ಎನ್ನುತ್ತಿತ್ತು. ಮೊಮ್ಮಗಳು ಸದ್ದು ಇಳಿಸಲು ಕೈ ಹಾಕಿದಳು. ‘ಕಡಿಮೆ ಮಾಡಬೇಡ ಮಗಳೇ’ ಎಂದಳು ಅಮ್ಮ.

ನೇಗಿಲು ಉರಿಯುವುದನ್ನು ನೋಡುವಾಗ ನನ್ನ ಮನಸ್ಸು ನಮ್ಮ ಮಜಲು ಗದ್ದೆಗೆ ಹೋಗಿತ್ತು. ಆರು ವರ್ಷಗಳಿಂದ ಅದು ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಟಿಲ್ಲರಿನ ಬಾಡಿಗೆ, ನವಿಲು ಮತ್ತು ಹಂದಿಗಳ ಕಾಟ, ಆಳು ಸಿಗದಿರುವುದು, ಮಗಳು ಅಳಿಯ ಮಂಗಳೂರಿನಲ್ಲಿರುವುದು, ಕಾರಣಗಳೆಲ್ಲ ನಿಜವೇ. ಬೈಲು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ ಮಾಡುತ್ತೇವೆ, ಎರಡನೆಯದಾದ ಸುಗ್ಗಿ ಬೆಳೆ ಬಿಟ್ಟು ಹತ್ತು ವರ್ಷವಾಯಿತು. ಎತ್ತು ಸಾಕಿ ಗದ್ದೆಗಾಗಿ ಬಾಗಿಲು ಬಾಗಿಲು ಅಲೆದವನ ಕಥೆಯನ್ನು, ಗದ್ದೆಯ ಕಾಗದವನ್ನು ಕಪಾಟಿನಲ್ಲಿಟ್ಟು ಹುಲ್ಲು ಬೆಳೆಯಲು ಬಿಟ್ಟವನು ಕುಳಿತು ನೋಡುತ್ತಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚಿತ್ರ ಮುಗಿದ ಮೇಲೂ ಅಮ್ಮ ಎದ್ದು ಹೋಗಲಿಲ್ಲ. ಎತ್ತುಗಳನ್ನು ಏನು ಮಾಡಿದ ಎಂದು ಕೇಳಿದಳು. ಕಾಡಿಗೆ ಬಿಟ್ಟ ಎಂದೆ.

‘ಕೊರಳಿನ ಹಗ್ಗ ಬಿಚ್ಚಿ ಬಿಟ್ಟನೇ? ಹಗ್ಗ ಇದ್ದರೆ ಪೊದೆಗೆ ಸಿಕ್ಕಿ ಸಾಯುತ್ತವೆ.’

ನಾನು ಅದನ್ನು ಗಮನಿಸಿರಲಿಲ್ಲ. ಮೊಮ್ಮಗಳು ಮೊಬೈಲ್ ತೆಗೆದುಕೊಂಡು ಆ ದೃಶ್ಯಕ್ಕೆ ಹಿಂದೆ ಹೋದಳು.